ಪಥಿಕರ ಎಡೆ: ಮುನವಳ್ಳಿಯ ಹಾದಿಯಲ್ಲಿ ಸತ್ರ, ದಾಸೋಹ, ಖಾನಾವಳಿ

೧

ನಾಡಿನ ಹಳೆಯ ಹಾದಿಗಳನ್ನು ಕುರಿತು ಬರೆಯುವ ಇತಿಹಾಸಕಾರರು ಅವುಗಳ ಮೇಲೆ ನಡೆದ ದಂಡುಗಳನ್ನೂ ಸಾಗಿದ ಸರಕುಗಳನ್ನೂ ವಿಸ್ತಾರವಾಗಿ ವರ್ಣಿಸುವುದುಂಟು. ಆದರೆ ಆ ಹಾದಿಯಲ್ಲಿ ನಡೆದವನು ಹೊತ್ತು ಮುಳುಗಿದಾಗ ಎಲ್ಲಿ ಉಂಡನು, ಅವನಿಗೆ ಅನ್ನವಿಕ್ಕಿದವರು ಯಾರು, ಇಕ್ಕುವ ಮೊದಲು ಅವನನ್ನು ಏನೆಂದು ಕೇಳಿದರು ಎಂಬ ವಿಷಯವು ವಿರಳವಾಗಿಯೇ ವಿಚಾರಕ್ಕೆ ಬಂದಿದೆ. ಹೊಟ್ಟೆಯ ಮಾತು ಅಲ್ಪವೆಂದು ಇದನ್ನು ಕಡೆಗಣಿಸುವಂತಿಲ್ಲ. ಅಪರಿಚಿತನಿಗೆ ಎಡೆ ಹಾಕುವ ಕ್ರಮದಲ್ಲಿ ಒಂದು ಸಮಾಜದ ಧರ್ಮಬುದ್ಧಿಯೂ ಅದರ ಮಿತಿಯೂ ಒಟ್ಟಿಗೆ ತೋರಿಬರುತ್ತವೆ.

ಪ್ರಕೃತ ಪ್ರಬಂಧವು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲೂಕಿಗೆ ಸೇರಿದ ಮುನವಳ್ಳಿಯ ಹಾದಿಯನ್ನು ಮುಖ್ಯ ದೃಷ್ಟಾಂತವಾಗಿ ಇರಿಸಿಕೊಂಡು, ಪಥಿಕರ ಊಟಕ್ಕೆ ಸಂಬಂಧಿಸಿದ ಕೆಲವು ಶಬ್ದಗಳನ್ನೂ ಸಂಸ್ಥೆಗಳನ್ನೂ ಪರಿಶೀಲಿಸುತ್ತದೆ. ತುಲನೆಗಾಗಿ, ಕನ್ನಡ ನೆಲದಲ್ಲಿಯೇ ಬೇರೂರಿರುವ ಟಿಬೆಟ್ಟಿನವರ ಮುಂಡಗೋಡ ವಸತಿಯನ್ನು ಕೊನೆಯಲ್ಲಿ ಎತ್ತಿಕೊಳ್ಳಲಾಗುವುದು. ಹಿಂದೆ ಅನ್ನವು ದಾನವಾಗಿತ್ತು, ಇಂದು ಕ್ರಯವಾಯಿತು, ಆದ್ದರಿಂದ ಧರ್ಮವು ಕ್ಷೀಣಿಸಿತು ಎಂಬ ಸಾಮಾನ್ಯ ಅಭಿಪ್ರಾಯವು ಈ ಶಬ್ದಗಳ ಮತ್ತು ಶಾಸನಗಳ ಸಾಕ್ಷ್ಯಕ್ಕೆ ಒಪ್ಪುವುದೋ ಇಲ್ಲವೋ ಎಂಬುದೇ ಇಲ್ಲಿಯ ಪ್ರಶ್ನೆ.

೨

ಮುನವಳ್ಳಿಯು ಮಲಪ್ರಭೆಯ ದಂಡೆಯ ಮೇಲಿರುವ ಪ್ರಾಚೀನ ಸ್ಥಳ. ಆಂಗ್ಲರ ಕಾಗದಪತ್ರಗಳಲ್ಲಿ ಇದು ಮನೋಳಿಯೆಂದು ಕಾಣಿಸಿಕೊಳ್ಳುತ್ತದೆ. ದಕ್ಷಿಣಕ್ಕೆ ನವಿಲುತೀರ್ಥದ ಕಣಿವೆ, ಅದರಾಚೆಗೆ ರಟ್ಟರ ಸುಗಂಧವರ್ತಿಯಾದ ಸವದತ್ತಿ, ಅದಕ್ಕೆ ಹೊಂದಿ ರೇಣುಕೆಯ ಗುಡ್ಡ. ಉತ್ತರಕ್ಕೆ ಯರಗಟ್ಟಿಯ ಮಾರ್ಗ. ನದಿಯ ಕೆಳದಿಕ್ಕಿಗೆ ತೊರಗಲೆ. ಹೀಗೆ ಈ ಊರು ಹಾದಿಗಳ ನಡುವಣ ತಂಗುದಾಣವಾಗಲು ಎಲ್ಲ ರೀತಿಯಿಂದಲೂ ಯೋಗ್ಯವಾಗಿರುತ್ತದೆ. ಇಲ್ಲಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ದೇವಗಿರಿಯ ಯಾದವರ ಕಾಲದ ಎರಡು ಶಾಸನಗಳಿವೆ. ಒಂದು ಸಿಂಘಣನ ಆಳಿಕೆಯಲ್ಲಿ ಕ್ರಿ.ಶ. ೧೨೨೩ರ ಸುಮಾರಿಗೂ, ಇನ್ನೊಂದು ಅವನ ಮೊಮ್ಮಗನಾದ ಕನ್ನರನ ಆಳಿಕೆಯಲ್ಲಿ ಕ್ರಿ.ಶ. ೧೨೫೨ರಲ್ಲಿಯೂ ಹುಟ್ಟಿದವು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ಲೀಟ್ ವಿದ್ವಾಂಸರು ಇವನ್ನು ಬೆಳಕಿಗೆ ತಂದ ಬಳಿಕ ಮುನವಳ್ಳಿಯ ಹೆಸರು ಇತಿಹಾಸಜ್ಞರಿಗೆ ಪರಿಚಿತವಾಯಿತು.

ಆ ಕಾಲದ ಶೈವದೇವಾಲಯವು ಪೂಜಾಸ್ಥಾನ ಮಾತ್ರವಾಗಿರಲಿಲ್ಲ. ಹನ್ನೊಂದರಿಂದ ಹದಿಮೂರನೆಯ ಶತಮಾನದವರೆಗಿನ ದತ್ತಿಶಾಸನಗಳನ್ನು ಓದಿದವರಿಗೆ, ದೇವರ ಅಂಗಭೋಗ ರಂಗಭೋಗಗಳ ಮತ್ತು ಜೀರ್ಣೋದ್ಧಾರದ ಜೊತೆಯಲ್ಲಿಯೇ ತಪೋಧನರ ಆಹಾರದಾನವೆಂಬ ಬಾಬು ಮತ್ತೆ ಮತ್ತೆ ಬರುವುದು ವಿದಿತವಾಗಿದೆ. ಆ ದತ್ತಿಯ ಮೂಲವೂ ಗಮನಾರ್ಹವಾದುದು. ಅರಸನು ಭೂಮಿಯನ್ನು ಬಿಟ್ಟರೆ, ವ್ಯಾಪಾರಿಗಳ ಸಂಘದವರು ತಮ್ಮ ಸರಕಿನ ಮೇಲಣ ಆಯವನ್ನು ಬಿಡುತ್ತಿದ್ದರು: ಎಲೆಯ ಹೇರಿಗೆ ಇಷ್ಟು ಎಲೆ, ಎಣ್ಣೆಯ ಗಾಣಕ್ಕೆ ಇಷ್ಟು ಸೊಲ್ಲಗೆ, ಧಾನ್ಯದ ಹೇರಿಗೆ ಇಷ್ಟು ಮಾನ ಎಂದು. ಅಂದರೆ ಹಾದಿಯಲ್ಲಿ ಎತ್ತಿನ ಮೇಲೆ ಹೇರಿಕೊಂಡು ಸಾಗುವ ಸರಕೇ ಹಾದಿಯ ಮೇಲಣ ಅನ್ನಕ್ಕೆ ಒಂದು ಪಾಲನ್ನು ತೆರುತ್ತಿದ್ದಿತು. ಉಂಡವನಿಗೆ ಅದು ದಾನ. ಆದರೆ ಬೆಲೆ ಕೊಡದೆ ಬಂದ ಅನ್ನವಲ್ಲ. ಬೆಲೆಯನ್ನು ಬೇರೊಬ್ಬ ಪಥಿಕನು, ಬೇರೊಂದು ದಿನ, ಸುಂಕದ ಕಟ್ಟೆಯಲ್ಲಿ ಕೊಟ್ಟಿದ್ದನು.

ಈ ವ್ಯವಸ್ಥೆಯು ಪರಿಪೂರ್ಣವಾಗಿ ವರ್ಣಿತವಾದುದು ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠದ ಶಾಸನದಲ್ಲಿ. ಕಳಚೂರ್ಯ ಬಿಜ್ಜಳನ ಕಾಲದ, ಕ್ರಿ.ಶ. ೧೧೬೨ರ ಈ ಶಾಸನವು, ವಾಮಶಕ್ತಿ ಪಂಡಿತರು ಆಚಾರ್ಯರಾಗಿದ್ದ ಆ ಮಠದಲ್ಲಿ ವೇದ, ವ್ಯಾಕರಣ, ದರ್ಶನ, ಪುರಾಣ, ಕಾವ್ಯ, ನಾಟಕಗಳ ಪಾಠ ನಡೆಯುತ್ತಿದ್ದುದನ್ನು ಹೇಳಿ, ಅನಂತರ ಅಲ್ಲಿ ಅನ್ನ ಪಡೆಯುವವರ ಪಟ್ಟಿಯನ್ನು ಕೊಡುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು. ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕೊಳಲೂದುವವರು, ಕುಣಿಯುವವರು. ನಗ್ನರು, ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರು. ಇವರೊಡನೆ ನಾನಾ ದೇಶಗಳಿಂದ ಬಂದ ಭಿಕ್ಷುಕರು. ಇವರೆಲ್ಲರಿಗೂ ಆ ಮಠವು ತಡೆಯಿಲ್ಲದ ಅನ್ನದಾನದ ಸ್ಥಾನವೆಂದು ಶಾಸನವು ಸಾರುತ್ತದೆ. ರೋಗಿಗಳಿಗೆ ಔಷಧವೂ ಅಂಜಿ ಬಂದವರಿಗೆ ಅಭಯವೂ ಅಲ್ಲಿ ದೊರೆಯುತ್ತಿದ್ದವು. ಕಾಳಾಮುಖ ಶೈವರ ಮಠದ ಪಟ್ಟಿಯಲ್ಲಿ ಜೈನ ಕ್ಷಪಣಕನಿಗೂ ವೈದಿಕ ತ್ರಿದಂಡಿಗೂ ಎಡೆಯಿರುವುದನ್ನು ಗಮನಿಸಬೇಕು. ವಾದಸಭೆಯಲ್ಲಿ ಪ್ರತಿಪಕ್ಷದವನಾದವನು ಭೋಜನಶಾಲೆಯಲ್ಲಿ ಅತಿಥಿಯಾಗಿದ್ದಾನೆ. 'ತಡೆಯಿಲ್ಲದ' ಎಂಬ ಆ ಒಂದು ವಿಶೇಷಣವು ಈ ಪ್ರಬಂಧದ ಮುಖ್ಯ ಅಳತೆಗೋಲು. ತಡೆಯಿಲ್ಲವೆಂದು ಹೇಳಬೇಕಾದರೆ ತಡೆಯುಳ್ಳ ಅನ್ನವೂ ಲೋಕದಲ್ಲಿತ್ತೆಂಬುದು ಅರ್ಥಾಪತ್ತಿಯಿಂದ ಸಿದ್ಧವಾಗುತ್ತದೆ.

೩

ಇನ್ನು ಶಬ್ದಗಳ ವಿಚಾರ. 'ಸತ್ರ' ಅಥವಾ 'ಸತ್ತ್ರ' ಎಂಬುದು 'ಸದ್' ಧಾತುವಿನಿಂದ ಹುಟ್ಟಿ, ಕುಳಿತು ನಡೆಸುವ ದೀರ್ಘಯಜ್ಞವನ್ನು ಮೊದಲು ಸೂಚಿಸುತ್ತಿತ್ತು. ಮೀಮಾಂಸಕರ ಪ್ರಕಾರ ಸತ್ರದಲ್ಲಿ ಹದಿನೇಳಕ್ಕೆ ಕಡಿಮೆಯಿಲ್ಲದೆ ಇಪ್ಪತ್ತನಾಲ್ಕಕ್ಕೆ ಮೀರದೆ ಜನರು ಸೇರಬೇಕು. ಅವರೆಲ್ಲರೂ ಯಜಮಾನರೇ, ಅವರೇ ಋತ್ವಿಜರು. ಆದ್ದರಿಂದ ಅಲ್ಲಿ ದಕ್ಷಿಣೆಯೆಂಬುದಿಲ್ಲ. ಕೊಡುವವನೂ ಕೊಳ್ಳುವವನೂ ಬೇರೆಯಾಗಿಲ್ಲದಲ್ಲಿ ಕೂಲಿಯೆಲ್ಲಿಯದು? ಫಲವು ಎಲ್ಲರಿಗೂ ಸಮಾನ. ಮುಂದೆ ಇದೇ ಶಬ್ದವು ಅನವರತ ದಾನವೆಂಬ ಅರ್ಥವನ್ನು ಪಡೆಯಿತು. ಅಮರಸಿಂಹನು ಹೊದಿಕೆ, ಯಜ್ಞ, ಕಾಡು ಎಂಬ ಅರ್ಥಗಳೊಡನೆ ಇದನ್ನೂ ಸೇರಿಸಿದ್ದಾನೆ. ಯಜ್ಞದ ಕುಳಿತವು ಊಟದ ಪಂಕ್ತಿಯಾದುದು ಕೇವಲ ಆಕಸ್ಮಿಕವಲ್ಲ. ದಕ್ಷಿಣೆಯಿಲ್ಲದ ಕರ್ಮ, ಸಮಾನವಾದ ಫಲ ಎಂಬ ಎರಡು ಲಕ್ಷಣಗಳೂ ಅನ್ನಸತ್ರಕ್ಕೆ ಸಹಜವಾಗಿ ಒಪ್ಪುತ್ತವೆ. ಆದರೆ ಯಜ್ಞಸತ್ರಕ್ಕೆ ಮೂರನೆಯ ಲಕ್ಷಣವೊಂದಿತ್ತು: ಅದರಲ್ಲಿ ಕುಳ್ಳಿರುವ ಅಧಿಕಾರವು ಬ್ರಾಹ್ಮಣರಿಗೆ ಮಾತ್ರ. ಇದು ಕೂಡ ಶಬ್ದದೊಡನೆ ಅನ್ನಸತ್ರಕ್ಕೆ ಬಂದಿತು. ಬ್ರಾಹ್ಮಣರ ಸತ್ರಕ್ಕೆಂದೇ ಬಿಟ್ಟ ಭೂಮಿಯ ಶಾಸನಗಳು ಕನ್ನಡ ನಾಡಿನಲ್ಲಿ ಅನೇಕವಾಗಿವೆ.

ಕನ್ನಡದಲ್ಲಿ ಈ ಶಬ್ದವು 'ಛತ್ರ'ವಾಗಿ, ಕೊಡೆಯೆಂಬ ಅರ್ಥದ ಸಂಸ್ಕೃತ ಶಬ್ದದೊಡನೆ ಬೆರೆತುಹೋಯಿತು. ನೆರಳು ಕೊಡುವ ಮನೆಗೆ ಕೊಡೆಯ ಹೆಸರು ಒಪ್ಪಿದುದರಿಂದ ತಪ್ಪನ್ನು ಯಾರೂ ತಿದ್ದಲಿಲ್ಲ. ಇಂದು ಛತ್ರವೆಂದರೆ ದಿನದ ಬಾಡಿಗೆ ಕೊಟ್ಟು ಮದುವೆ ನಡೆಸುವ ಕಟ್ಟಡವೆಂದೇ ಹಲವರ ತಿಳಿವಳಿಕೆ. ದಕ್ಷಿಣೆಯಿಲ್ಲದ ಯಜ್ಞದ ಹೆಸರು ಬಾಡಿಗೆಯ ಮನೆಗೆ ಬಂದು ನಿಂತಿದೆ.

ನೀರಿನ ಮಾತು ಬೇರೆ. ಸಂಸ್ಕೃತದ 'ಪ್ರಪೆ'ಗೆ ಕನ್ನಡದಲ್ಲಿ 'ಅಱವಂಟಿಗೆ' ಅಥವಾ 'ಅರವಟ್ಟಿಗೆ' ಎಂಬ ಅಚ್ಚ ದೇಶ್ಯ ಶಬ್ದವಿದೆ. ಇದರ ಮೊದಲ ಭಾಗದಲ್ಲಿ ಧರ್ಮವಾಚಕವಾದ 'ಅಱ' ಎಂಬುದನ್ನು ಕಾಣಬಹುದು. ತಮಿಳಿನ 'ಅಱಂ' ಇದರ ಸೋದರಶಬ್ದ. ಧರ್ಮವೆಂಬ ಹೆಸರನ್ನೇ ತಲೆಯ ಮೇಲೆ ಹೊತ್ತಿರುವ ನೀರಿನ ಚಪ್ಪರವಿದು. ಬೇಸಗೆಯಲ್ಲಿ ಬಯಲುಸೀಮೆಯ ಹಾದಿಯಲ್ಲಿ ನಡೆದವರಿಗೆ ಈ ಹೆಸರಿನ ಔಚಿತ್ಯವನ್ನು ವಿವರಿಸಬೇಕಾಗಿಲ್ಲ.

'ದಾಸೋಹ'ವೆಂಬುದು ಹನ್ನೆರಡನೆಯ ಶತಮಾನದ ಶರಣರ ಶಬ್ದ. 'ದಾಸೋಽಹಮ್', ದಾಸನು ನಾನು, ಎಂಬ ಒಂದು ಇಡೀ ವಾಕ್ಯವೇ ಇಲ್ಲಿ ನಾಮಪದವಾಗಿದೆ. ಸತ್ರದಲ್ಲಿ ಇಕ್ಕುವವನು ದಾನಿ, ಉಣ್ಣುವವನು ಪ್ರತಿಗ್ರಾಹಿ. ದಾಸೋಹದಲ್ಲಿಯಾದರೋ ಇಕ್ಕುವವನೇ ತನ್ನನ್ನು ಕೆಳಗೆ ಇರಿಸಿಕೊಳ್ಳುತ್ತಾನೆ; ಉಣ್ಣುವ ಜಂಗಮನು ಲಿಂಗಸ್ವರೂಪಿ. ದಾನದ ದಿಕ್ಕನ್ನೇ ಈ ಶಬ್ದವು ತಿರುಗಿಸಿತೆಂದರೆ ಅತಿಶಯೋಕ್ತಿಯಾಗದು. ಕಾಯಕದಿಂದ ಬಂದುದನ್ನೇ ದಾಸೋಹಕ್ಕೆ ಸಲ್ಲಿಸಬೇಕೆಂಬ ನಿಯಮವು ಅರಸರ ದತ್ತಿಯನ್ನು ನೆಚ್ಚದೆ ಅನ್ನವಿಕ್ಕುವ ಮಾರ್ಗವನ್ನು ತೆರೆಯಿತು. ಸಿಂಘಣ ಕನ್ನರರ ವಂಶವು ಅಳಿದು ಅವರು ಬಿಟ್ಟ ದತ್ತಿಗಳು ಕಲ್ಲಿನ ಮೇಲಣ ಅಕ್ಷರಗಳಾಗಿ ಉಳಿದಿರುವಾಗ, ದಾಸೋಹದ ಒಲೆಯು ಬೆಳಗಾವಿ ಧಾರವಾಡ ಸೀಮೆಯ ಮಠಗಳಲ್ಲಿ ಇಂದಿಗೂ ಆರದಿರುವುದಕ್ಕೆ ಇದೂ ಒಂದು ಕಾರಣವೆನ್ನಬಹುದು. ಹುಬ್ಬಳ್ಳಿಯ ಸಿದ್ಧಾರೂಢರ ಮಠದ ಪ್ರಸಾದಪಂಕ್ತಿಯೂ ಧಾರವಾಡದ ಮುರುಘಾಮಠದ ಪ್ರಸಾದನಿಲಯವೂ ಇದಕ್ಕೆ ಸಾಕ್ಷಿಯಾಗಿವೆ. ಹಳ್ಳಿಯಿಂದ ಓದಲು ಬಂದ ಎಷ್ಟೋ ವಿದ್ಯಾರ್ಥಿಗಳು ಉಂಡುದು ಇಂತಹ ಪಂಕ್ತಿಗಳಲ್ಲಿಯೇ.

ಕಡೆಯದು 'ಖಾನಾವಳಿ'. ಮುನವಳ್ಳಿ, ಸವದತ್ತಿ, ಬೈಲಹೊಂಗಲಗಳ ಪೇಟೆಗಳಲ್ಲಿ ಪರಸ್ಥಳದವನು ಊಟಕ್ಕೆ ಹುಡುಕುವುದು ಇದನ್ನೇ. ಭೋಜನಗಳ 'ಆವಳಿ', ಸಾಲು, ಎಂದು ಇದನ್ನು ಬಿಡಿಸುವುದು ಕಿವಿಗೆ ಇಂಪಾದರೂ ಶಬ್ದಶಾಸ್ತ್ರಕ್ಕೆ ಒಪ್ಪದು. ಇದು ಮರಾಠಿಯ 'ಖಾಣಾವಳ' ಎಂಬುದರ ಕನ್ನಡ ರೂಪ. ಮರಾಠಿಯಲ್ಲಿ 'ದಳಣಾವಳ' ಎಂದರೆ ಬೀಸಿದ ಕೂಲಿ. 'ಶಿವಣಾವಳ' ಎಂದರೆ ಹೊಲಿದ ಕೂಲಿ. 'ಧುಣಾವಳ' ಎಂದರೆ ಒಗೆದ ಕೂಲಿ. ಅದೇ ಪ್ರತ್ಯಯವು 'ತಿನ್ನು' ಎಂಬರ್ಥದ ಧಾತುವಿಗೆ ಹತ್ತಿ 'ಖಾಣಾವಳ', ಊಟದ ಹಣ, ಎಂದಾಗಿ, ಬಳಿಕ ಹಣ ಕೊಟ್ಟು ಉಣ್ಣುವ ಮನೆಯೆಂಬ ಅರ್ಥಕ್ಕೆ ತಿರುಗಿದೆ. ಸತ್ರದ ಶಬ್ದದಲ್ಲಿ ದಕ್ಷಿಣೆಯಿಲ್ಲದ ಯಜ್ಞವು ಅಡಗಿದ್ದರೆ, ಖಾನಾವಳಿಯ ಶಬ್ದದಲ್ಲಿ ಕ್ರಯವೇ ಅಡಗಿದೆ. ಇಷ್ಟನ್ನು ಮಾತ್ರ ನೋಡಿದರೆ, ಧರ್ಮವು ಕ್ಷೀಣಿಸಿತೆಂಬ ಮೇಲಣ ಅಭಿಪ್ರಾಯವೇ ಗೆದ್ದಂತೆ ತೋರುತ್ತದೆ. ಆದರೆ ಬಾಗಿಲನ್ನು ನೋಡದೆ ಬೆಲೆಯನ್ನು ಮಾತ್ರ ನೋಡಿ ನಿರ್ಣಯಿಸುವುದು ಸರಿಯಲ್ಲ.

೪

ಅತಿಥಿಯನ್ನು ದೇವನೆಂದು ಕಾಣಬೇಕೆಂದೂ, ವಸತಿಗೆ ಬಂದ ಯಾರನ್ನೂ ತಿರುಗಿ ಕಳುಹಬಾರದೆಂದೂ, ಆದಕಾರಣ ಅನ್ನವನ್ನು ವಿಪುಲವಾಗಿ ಕೂಡಿಡಬೇಕೆಂದೂ ತೈತ್ತಿರೀಯೋಪನಿಷತ್ತು ವಿಧಿಸುತ್ತದೆ. ಮನುಸ್ಮೃತಿಯ ಮೂರನೆಯ ಅಧ್ಯಾಯವು ಒಂದು ರಾತ್ರಿ ಮಾತ್ರ ತಂಗುವವನೇ ಅತಿಥಿಯೆಂದು ಲಕ್ಷಣ ಹೇಳಿ, ಸಂಜೆ ಬಂದವನನ್ನು ತಳ್ಳಬಾರದೆಂದು ನಿಯಮಿಸುತ್ತದೆ. ಊಟಕ್ಕಾಗಿ ಬ್ರಾಹ್ಮಣನು ತನ್ನ ಕುಲಗೋತ್ರಗಳನ್ನು ಹೇಳಿಕೊಳ್ಳಬಾರದು, ಹಾಗೆ ಹೇಳಿ ಉಂಡವನು ಕಾರಿದುದನ್ನು ಉಂಡಂತೆ, ಎಂಬ ಅದರ ಮಾತು ಅತ್ಯಂತ ಉದಾರವಾದುದು. ಆದರೆ ಅದೇ ಪ್ರಕರಣವು ಮುಂದುವರಿದು, ಬ್ರಾಹ್ಮಣನ ಮನೆಯಲ್ಲಿ ಕ್ಷತ್ರಿಯನು ಅತಿಥಿಯೆನಿಸನೆಂದೂ, ವೈಶ್ಯಶೂದ್ರರು ಬಂದರೆ ಸೇವಕರೊಡನೆ ಉಣಬಡಿಸಬೇಕೆಂದೂ ಹೇಳುತ್ತದೆ. ಅನ್ನವನ್ನು ನಿರಾಕರಿಸಲಿಲ್ಲ, ಪಂಕ್ತಿಯನ್ನು ನಿರಾಕರಿಸಿತು. ಈ ನಾಲ್ಕು ವರ್ಣಗಳ ಎಣಿಕೆಗೂ ಹೊರಗಿರಿಸಲ್ಪಟ್ಟವರಿಗೆ ಅನ್ನವೂ ದೂರದಿಂದಲೇ.

ಹೀಗಿರುವಲ್ಲಿ ಸತ್ರವು ಉಚಿತವಾಗಿತ್ತೆಂಬುದು ಒಳಗೆ ಹೋಗಬಲ್ಲವನಿಗೆ ಮಾತ್ರ ಸತ್ಯ. ಖಾನಾವಳಿಯು ಹಣ ಕೇಳಿದರೂ ಕುಲವನ್ನು ಕೇಳಲಿಲ್ಲವೋ ಎಂದರೆ, ಅದೂ ಆರಂಭದಲ್ಲಿ ಕೇಳಿತು. ಬ್ರಾಹ್ಮಣರ ಖಾನಾವಳಿ, ಲಿಂಗಾಯತ ಖಾನಾವಳಿ ಎಂಬ ಫಲಕಗಳು ಈ ಸೀಮೆಯ ಪೇಟೆಗಳಿಗೆ ಹೊಸವಲ್ಲ. ಹುಬ್ಬಳ್ಳಿ ಮೊದಲಾದೆಡೆಗಳ ಸಾವಜಿ ಖಾನಾವಳಿಗಳು ಮಾಂಸಾಹಾರದ ಖಾರದ ಅಡುಗೆಗೆ ಹೆಸರಾದರೂ, ಆ ಹೆಸರೂ ಒಂದು ಸಮುದಾಯದ್ದೇ. ಫಲಕವು ಅಡುಗೆಯ ರೀತಿಯನ್ನು ಸೂಚಿಸಿದರೆ ದೋಷವಿಲ್ಲ. ಬಾಗಿಲ ಕಾವಲಾದರೆ ದೋಷವುಂಟು.

ಈ ಕಾವಲನ್ನು ತೆಗೆಯಿಸಿದುದು ದಾನಿಗಳ ಔದಾರ್ಯಕ್ಕಿಂತ ಹೆಚ್ಚಾಗಿ ಕಾನೂನು ಮತ್ತು ಹೋರಾಟ. ಬೆಳಗಾವಿ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ೧೯೨೩ರ ಆಗಸ್ಟ್ ತಿಂಗಳಲ್ಲಿ, ಮುಂಬಯಿ ಶಾಸನಸಭೆಯು ಎಸ್. ಕೆ. ಬೋಲೆಯವರು ತಂದ ನಿರ್ಣಯವನ್ನು ಅಂಗೀಕರಿಸಿತು. ಸಾರ್ವಜನಿಕ ಹಣದಿಂದ ಕಟ್ಟಿದ ಅಥವಾ ನಡೆಯುವ ನೀರಿನ ಸ್ಥಳಗಳು, ಬಾವಿಗಳು, ಧರ್ಮಶಾಲೆಗಳು ಅಸ್ಪೃಶ್ಯರೆನಿಸಿಕೊಂಡವರಿಗೂ ತೆರೆದಿರಬೇಕೆಂಬುದು ಅದರ ತಾತ್ಪರ್ಯ. ನಿರ್ಣಯವು ಕಾಗದದಲ್ಲಿಯೇ ಉಳಿಯಿತಾಗಿ, ೧೯೨೭ರ ಮಾರ್ಚ್ ೨೦ರಂದು ಡಾ. ಅಂಬೇಡಕರರು ಅದೇ ಪ್ರಾಂತದ ಮಹಾಡದಲ್ಲಿ ಚವದಾರ ಕೆರೆಯ ನೀರನ್ನು ಸಾವಿರಾರು ಜನರೊಡನೆ ಕುಡಿದು ಹಕ್ಕನ್ನು ಸ್ಥಾಪಿಸಬೇಕಾಯಿತು. ಧರ್ಮದ ಹೆಸರನ್ನೇ ಹೊತ್ತ ಅರವಟ್ಟಿಗೆಯ ನಾಡಿನಲ್ಲಿ ಒಂದು ಬೊಗಸೆ ನೀರಿಗೆ ಸತ್ಯಾಗ್ರಹ ಬೇಕಾಯಿತೆಂಬುದು ಈ ಇತಿಹಾಸದಿಂದ ಬಿಟ್ಟುಬಿಡುವಂತಹ ಸಂಗತಿಯಲ್ಲ. ೧೯೫೦ರ ಜನವರಿ ೨೬ರಿಂದ ಜಾರಿಗೆ ಬಂದ ಸಂವಿಧಾನವು ತನ್ನ ೧೫ನೆಯ ಅನುಚ್ಛೇದದಲ್ಲಿ ಅಂಗಡಿಗಳನ್ನೂ ಸಾರ್ವಜನಿಕ ಉಪಾಹಾರಗೃಹಗಳನ್ನೂ ಹೋಟೆಲುಗಳನ್ನೂ ಹೆಸರಿಸಿ, ಜಾತಿ ಮೊದಲಾದ ಕಾರಣಗಳಿಂದ ಅಲ್ಲಿ ಯಾರನ್ನೂ ತಡೆಯಲಾಗದೆಂದು ವಿಧಿಸಿತು. ೧೭ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನೇ ರದ್ದುಪಡಿಸಿತು. ಬಳ್ಳಿಗಾವೆಯ ಶಿಲೆಯ ಮೇಲೆ ಒಂದು ಮಠದ ಕೀರ್ತಿಯಾಗಿದ್ದ 'ತಡೆಯಿಲ್ಲದ' ಎಂಬ ವಿಶೇಷಣವು ಎಂಟುನೂರು ವರ್ಷಗಳ ತರುವಾಯ ಎಲ್ಲ ಭೋಜನಗೃಹಗಳ ಕರ್ತವ್ಯವಾಯಿತು. ವಿಧಿಯು ಆಚರಣೆಗೆ ಸಂಪೂರ್ಣವಾಗಿ ಇಳಿದಿದೆಯೆಂದು ಹೇಳುವಂತಿಲ್ಲವಾದರೂ, ಅದು ವಿಧಿಯಾದುದೇ ದೊಡ್ಡ ಪರಿವರ್ತನೆ.

೫

ಸತ್ರವೂ ಖಾನಾವಳಿಯೂ ಇಲ್ಲದೆಡೆಯಲ್ಲಿ, ಅಥವಾ ಇದ್ದೂ ಬಾಗಿಲು ತೆರೆಯದೆಡೆಯಲ್ಲಿ, ಪಥಿಕನಿಗೆ ಗತಿಯಾದುದು ತನ್ನ ಗಂಟಿನ ಬುತ್ತಿ. ಸಂಸ್ಕೃತದ 'ಪಾಥೇಯ'ಕ್ಕೆ ಸಮನಾದ ಈ ಶಬ್ದವನ್ನು 'ಭುಕ್ತಿ'ಯ ತದ್ಭವವೆಂದು ಹೇಳುವುದುಂಟು. ಮುನವಳ್ಳಿಯ ಹಾದಿಯಲ್ಲಿ ಬುತ್ತಿಯ ವೈಭವವನ್ನು ಕಾಣಬೇಕಾದರೆ ಯಲ್ಲಮ್ಮನ ಗುಡ್ಡದ ಜಾತ್ರೆಯ ಕಾಲದಲ್ಲಿ ಕಾಣಬೇಕು. ಬನದ ಹುಣ್ಣಿಮೆಗೂ ಭಾರತ ಹುಣ್ಣಿಮೆಗೂ ಉತ್ತರದ ಕಡೆಯ ಊರುಗಳಿಂದ ಯರಗಟ್ಟಿಯ ಮಾರ್ಗವಾಗಿ ಚಕ್ಕಡಿಗಳು ಸಾಲುಗೊಂಡು ಬರುತ್ತಿದ್ದವು. ಮೋಟಾರು ವಾಹನಗಳು ಹೆಚ್ಚಿದ ಮೇಲೂ ಚಕ್ಕಡಿಯ ಹರಕೆ ಪೂರ್ಣವಾಗಿ ನಿಂತಿಲ್ಲ. ವಾರಗಟ್ಟಲೆ ಕೆಡದ ಖಡಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ಮೆಣಸಿನಕಾಯಿಯ ಚಟ್ನಿ ಇವರ ಪಾಥೇಯ. ಇವುಗಳಲ್ಲಿ ಶೇಂಗಾ ಮತ್ತು ಮೆಣಸಿನಕಾಯಿ ಅಮೆರಿಕ ಖಂಡದಿಂದ ಪೋರ್ತುಗೀಜರ ಬಳಿಕ ಬಂದವಾದುದರಿಂದ, ಸಿಂಘಣನ ಕಾಲದ ಪಥಿಕನ ಗಂಟಿನಲ್ಲಿ ಅವು ಇರಲಾರವು. ಜೋಳ, ಎಳ್ಳು, ಗುರೆಳ್ಳು ಹಳೆಯವು.

ಗುಡ್ಡವನ್ನು ಮುಟ್ಟಿದ ಬಳಿಕ ಈ ಯಾತ್ರಿಕರು ಬಯಲಿನಲ್ಲಿ ಒಲೆ ಹೂಡಿ ಹೋಳಿಗೆ ಕಡಬುಗಳನ್ನು ಮಾಡಿ, ಜೋಗತಿಯರ ಪಡ್ಡಲಗಿಯನ್ನು ತುಂಬುತ್ತಾರೆ. ಪಡ್ಡಲಗಿಯೆಂಬುದು ಹಳಗನ್ನಡದ 'ಪಡಲಿಗೆ', ಸಂಸ್ಕೃತದ 'ಪಟಲಿಕಾ'. ಇಲ್ಲಿ ಪ್ರಯಾಣಿಕನು ಕ್ಷೇತ್ರದಲ್ಲಿ ಉಣ್ಣಲು ಬಂದವನಲ್ಲ, ಉಣಿಸಲು ಬಂದವನು. ಸತ್ರದ ಕ್ರಮವೇ ಇಲ್ಲಿ ತಲೆಕೆಳಗಾಗಿದೆ. ಅರಸರ ದತ್ತಿಯ ಸತ್ರಗಳು ಯಾರನ್ನು ಹೊರಗಿರಿಸಿದವೋ ಆ ಜನರೇ ಬಹುಸಂಖ್ಯೆಯಲ್ಲಿ ಸೇರುವ ಈ ಗುಡ್ಡದ ಮೇಲೆ, ಅವರು ತಮ್ಮ ಬುತ್ತಿಯಿಂದಲೇ ತಮ್ಮ ಸತ್ರವನ್ನು ಕಟ್ಟಿಕೊಂಡರೆಂದು ತಿಳಿಯಬಹುದು.

೬

ಮುನವಳ್ಳಿಯಿಂದ ಧಾರವಾಡ ಹುಬ್ಬಳ್ಳಿಗಳ ಮಾರ್ಗವಾಗಿ ಹೊರಟವನು ಒಂದು ಹಗಲಿನೊಳಗೆ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡವನ್ನು ಮುಟ್ಟಬಹುದು. ೧೯೫೯ರಲ್ಲಿ ದಲೈ ಲಾಮಾ ಅವರು ಲ್ಹಾಸಾವನ್ನು ಬಿಟ್ಟು ಭಾರತಕ್ಕೆ ಬಂದ ತರುವಾಯ, ಅವರ ಹಿಂದೆ ಬಂದ ನಿರಾಶ್ರಿತರಿಗೆ ಕನ್ನಡ ನಾಡಿನಲ್ಲಿ ಮೊದಲು ಬೈಲಕುಪ್ಪೆಯಲ್ಲಿಯೂ, ೧೯೬೬ರಲ್ಲಿ ಮುಂಡಗೋಡದಲ್ಲಿಯೂ, ಆಮೇಲೆ ಹುಣಸೂರು ಕೊಳ್ಳೇಗಾಲಗಳ ಕಡೆಯಲ್ಲಿಯೂ ನೆಲೆ ದೊರೆಯಿತು. ಲ್ಹಾಸಾ ಪ್ರದೇಶದ ಮೂರು ಮಹಾವಿಹಾರಗಳಲ್ಲಿ ಡ್ರೆಪುಂಗ್ ಮತ್ತು ಗಾಂದೆನ್ ಮುಂಡಗೋಡದಲ್ಲಿಯೂ ಸೆರಾ ಬೈಲಕುಪ್ಪೆಯಲ್ಲಿಯೂ ಪುನಃಪ್ರತಿಷ್ಠಿತವಾದುವು. ಟಿಬೆಟ್ಟಿನ ಒಂದು ನಗರದಲ್ಲಿ ಪಥಿಕನು ಎಲ್ಲಿ ಉಣ್ಣುವನು ಎಂಬ ಪ್ರಶ್ನೆಗೆ ಉತ್ತರವನ್ನು ಹಿಮಾಲಯವನ್ನು ದಾಟದೆ ಇಲ್ಲಿಯೇ ತಿಳಿಯಬಹುದಾಗಿದೆ.

ಆಶ್ಚರ್ಯವೆಂದರೆ, ಅಲ್ಲಿಯೂ ಇದೇ ಮೂರು ಬಗೆಗಳು. ಮೊದಲನೆಯದು ಬುತ್ತಿ. ಟಿಬೆಟ್ಟಿನ ಪಥಿಕನು ಹುರಿದ ಜವೆಯ ಹಿಟ್ಟನ್ನು ಚೀಲದಲ್ಲಿಯೂ ತನ್ನ ಮರದ ಬಟ್ಟಲನ್ನು ಉಡುಪಿನ ಮಡಿಕೆಯಲ್ಲಿಯೂ ಇಟ್ಟುಕೊಂಡು ನಡೆಯುತ್ತಿದ್ದನು. 'ತ್ಸಂಪಾ' ಎಂಬ ಆ ಹಿಟ್ಟನ್ನು ಬೆಣ್ಣೆ ಉಪ್ಪು ಬೆರೆಸಿದ ಚಹದಲ್ಲಿ ಕಲಸಿ ಉಂಡೆಕಟ್ಟಿ ತಿನ್ನುವುದು ಅವರ ವಾಡಿಕೆ. ಸಂಸ್ಕೃತಜ್ಞರಿಗೆ ಇದು ಅಪರಿಚಿತವಲ್ಲ: ಇದೇ ನಮ್ಮ 'ಸಕ್ತು'. ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿ, ಕುರುಕ್ಷೇತ್ರದ ಉಂಛವೃತ್ತಿಯ ಬಡಸಂಸಾರವೊಂದು ಬರಗಾಲದಲ್ಲಿ ದೊರೆತ ಒಂದು ಪ್ರಸ್ಥ ಜವೆಯನ್ನು ಸಕ್ತುವಾಗಿ ಮಾಡಿ, ನಾಲ್ವರ ಪಾಲನ್ನೂ ಒಬ್ಬ ಅತಿಥಿಗೆ ಇಕ್ಕಿದುದನ್ನು ಅರ್ಧ ಚಿನ್ನದ ಮೈಯ ಮುಂಗುಸಿಯು ಧರ್ಮರಾಜನ ಯಜ್ಞಶಾಲೆಯಲ್ಲಿ ಹೇಳಿ, ಈ ಯಜ್ಞವು ಆ ಹಿಟ್ಟಿಗೆ ಸಮನಲ್ಲವೆಂದು ಸಾರುತ್ತದೆ. ಸತ್ರದ ಅಳತೆಯು ಹಂಡೆಯ ಗಾತ್ರವಲ್ಲವೆಂಬುದು ಆ ಕಥೆಯ ಸಾರ.

ಎರಡನೆಯದು ವಿಹಾರದ ದಾನ. ಭಿಕ್ಷುಗಳ ಸಭೆಯಲ್ಲಿ ದಾನಿಗಳ ಹೆಸರಿನಿಂದ ಎಲ್ಲರಿಗೂ ಹಂಚುವ ಚಹಕ್ಕೆ 'ಮಂಗ್-ಜಾ', ಬಹುಜನರ ಚಹ, ಎಂದು ಹೆಸರು. ಚೋಂಖಾಪಾ ಆಚಾರ್ಯರು ೧೪೦೯ರಲ್ಲಿ ಲ್ಹಾಸಾದಲ್ಲಿ ಆರಂಭಿಸಿದ ಮೋನ್‌ಲಂ ಮಹಾಪ್ರಾರ್ಥನೋತ್ಸವದಲ್ಲಿ ಸಾವಿರಾರು ಭಿಕ್ಷುಗಳಿಗೆ ಈ ರೀತಿಯ ದಾನ ನಡೆಯುತ್ತಿತ್ತು. ತಪೋಧನರ ಆಹಾರದಾನವೆಂಬ ನಮ್ಮ ಶಾಸನಗಳ ಬಾಬಿಗೆ ಇದು ಸಮಾನವಾದುದು. ಮೂರನೆಯದು 'ಸಾ-ಖಾಂಗ್': 'ಸಾ' ಎಂದರೆ ತಿನ್ನು, 'ಖಾಂಗ್' ಎಂದರೆ ಮನೆ. ಇಲ್ಲಿಯ ಶಬ್ದದಲ್ಲಿ ಕ್ರಯದ ಸೂಚನೆಯಿಲ್ಲ, ದಾನದ ಸೂಚನೆಯೂ ಇಲ್ಲ. ಉಣ್ಣುವ ಮನೆಯೆಂಬಷ್ಟೇ ಅರ್ಥ. ಮುಂಡಗೋಡದ ಶಿಬಿರಗಳಲ್ಲಿ ಇಂತಹ ಭೋಜನಗೃಹಗಳನ್ನು ಹೊಕ್ಕವನಿಗೆ ಹಬೆಯಲ್ಲಿ ಬೇಯಿಸಿದ ಮೋ-ಮೋ ಎಂಬ ಕಡಬು, ಥುಕ್ಪಾ ಎಂಬ ಶಾವಿಗೆಯ ಸಾರು ದೊರೆಯುತ್ತವೆ. ಕಡಬನ್ನು ಬಲ್ಲ ಕನ್ನಡಿಗನಿಗೆ ಮೋ-ಮೋ ಹೊಸದೆನಿಸದು; ಹೂರಣದಲ್ಲಿ ಮಾಂಸವಿದೆಯೋ ಕಾಯಿಪಲ್ಯವಿದೆಯೋ ಎಂದು ಕೇಳಿಕೊಂಡರೆ ಸಾಕು. ಅಲ್ಲಿ ಬಂದವನನ್ನು ಕೇಳುವ ಪ್ರಶ್ನೆಯೂ ಅಷ್ಟೇ: ಯಾವುದನ್ನು ಉಣ್ಣುತ್ತೀರಿ ಎಂದು, ಯಾರು ನೀವು ಎಂದಲ್ಲ.

ಒಂದು ಕಾಲಕ್ಕೆ ನಿರಾಶ್ರಿತರಾಗಿ ಈ ನಾಡಿನ ಅತಿಥಿಗಳಾಗಿ ಬಂದವರು ಇಂದು ಈ ನಾಡಿನವರಿಗೆ ಆತಿಥೇಯರಾಗಿದ್ದಾರೆ. ಮನುವಿನ ಲಕ್ಷಣದಂತೆ ಅತಿಥಿಯು ಒಂದೇ ರಾತ್ರಿಯವನು; ಇವರು ಅರ್ಧ ಶತಮಾನಕ್ಕೂ ಮೀರಿ ಉಳಿದರು. ಅತಿಥಿಯು ಎಂದು ನೆರೆಯವನಾಗುವನೆಂಬುದನ್ನು ಸ್ಮೃತಿಕಾರರು ಹೇಳಿಲ್ಲ. ಅವನು ಒಲೆ ಹೂಡಿ ಇತರರಿಗೆ ಇಕ್ಕಲು ತೊಡಗಿದಂದು ಎಂದು ಹೇಳಿದರೆ ತಪ್ಪಾಗಲಾರದು.

೭

ಈ ವಿಚಾರಣೆಯಿಂದ ಫಲಿತವಾಗುವುದಿಷ್ಟು. ಸತ್ರದಿಂದ ಖಾನಾವಳಿಗೆ ಬಂದ ಹಾದಿಯನ್ನು ದಾನದಿಂದ ಕ್ರಯಕ್ಕೆ ಇಳಿದ ಇಳಿಜಾರೆಂದು ಎಣಿಸುವುದು ಸಾಕ್ಷ್ಯಕ್ಕೆ ವಿರುದ್ಧ. ಸತ್ರದ ಅನ್ನಕ್ಕೂ ಹೇರಿನ ಸುಂಕದಿಂದ ಬೆಲೆ ಸಂದಿತ್ತು. ಖಾನಾವಳಿಯಲ್ಲಿ ಲೆಕ್ಕವಿಡದೆ ರೊಟ್ಟಿಯನ್ನು ಮತ್ತೆ ಮತ್ತೆ ಇಕ್ಕುವ ಕೈಯಲ್ಲಿ ದಾನವೂ ಉಳಿದಿದೆ. ಪಥಿಕರ ಅನ್ನದ ಇತಿಹಾಸವನ್ನು ಅಳೆಯಬೇಕಾದುದು ಬೆಲೆಯಿಂದಲ್ಲ, ಬಾಗಿಲಿನಿಂದ. ಹನ್ನೆರಡನೆಯ ಶತಮಾನದಲ್ಲಿ ಒಂದು ಮಠವು ತಡೆಯಿಲ್ಲವೆಂದು ಬರೆಯಿಸಿತು. ಶರಣರು ಇಕ್ಕುವವನ ತಲೆಯನ್ನು ಬಾಗಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಹೊರಗೆ ನಿಲ್ಲಿಸಲ್ಪಟ್ಟವರೇ ತಡೆಯನ್ನು ಮುರಿದು ಅದನ್ನು ವಿಧಿಯಾಗಿಸಿದರು. ಮುನವಳ್ಳಿಯ ಪಂಚಲಿಂಗೇಶ್ವರನ ಶಾಸನಗಳನ್ನು ಓದಲು ಹೋಗುವ ವಿದ್ವಾಂಸರು, ಅರಸರ ಬಿರುದುಗಳನ್ನು ಎಣಿಸಿದ ಬಳಿಕ, ದತ್ತಿಯ ಭಾಗದಲ್ಲಿ ಆಹಾರದ ಮಾತು ಎಲ್ಲೆಲ್ಲಿ, ಯಾರ ಯಾರ ಹೆಸರಿನಲ್ಲಿ ಬಂದಿದೆಯೆಂಬುದನ್ನೂ, ಯಾರ ಹೆಸರು ಬಂದಿಲ್ಲವೆಂಬುದನ್ನೂ ಗುರುತುಹಾಕಿಕೊಳ್ಳುವುದು ಯುಕ್ತವಾಗಿದೆ. ನಾಡಿನ ಇತರ ದತ್ತಿಶಾಸನಗಳನ್ನೂ ಹೀಗೆ ಊರೂರಿಗೆ ಓದಿ ಪಟ್ಟಿಮಾಡಿದಲ್ಲಿ, ಕನ್ನಡ ನಾಡಿನ ಅನ್ನದ ಚರಿತ್ರೆಯು ಒಂದು ಸ್ವತಂತ್ರ ಗ್ರಂಥವಾಗುವುದರಲ್ಲಿ ಸಂದೇಹವಿಲ್ಲ.